ಕೆಲಸದ ಸ್ಥಳದ ಗಾಯ ಮತ್ತು ಕಾಯಿಲೆ: ತಡೆ ಮತ್ತು ತನಿಖೆ

ಔದ್ಯೋಗಿಕ ಸುರಕ್ಷತೆಯ ಪಠ್ಯದಲ್ಲಿ ಗಾಯ ಮತ್ತು ಕಾಯಿಲೆ ಒಂದೇ ಅಧ್ಯಾಯದಲ್ಲಿ ಬರುತ್ತವೆ. ಕಾನೂನೂ ಎರಡನ್ನು ಅಕ್ಕಪಕ್ಕದಲ್ಲಿಯೇ ಇಟ್ಟಿತ್ತು: 1948ರ ಕಾರ್ಖಾನೆಗಳ ಕಾಯ್ದೆಯ 88ನೆಯ ಕಲಮು ಅಪಘಾತವನ್ನು, 89ನೆಯ ಕಲಮು ಪಟ್ಟಿಯಲ್ಲಿರುವ ಕಾಯಿಲೆಗಳನ್ನು ವರದಿ ಮಾಡಬೇಕೆಂದು ಹೇಳುತ್ತಿದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಈ ಎರಡು ಹೊಣೆಗಳನ್ನು ಉಳಿಸಿಕೊಂಡಿದೆ. ತನಿಖೆಯ ದಾರಿ ಮಾತ್ರ ಒಂದೇ ಅಲ್ಲ. ಗಾಯವಾದ ವೇಳೆ, ಜಾಗ, ಯಂತ್ರ ಮೂರೂ ಕಣ್ಣೆದುರಿಗಿರುತ್ತವೆ. ಕಾಯಿಲೆಗೆ ಅಂಥ ವೇಳೆಯೇ ಇಲ್ಲದ್ದರಿಂದ ಅದನ್ನು ಕೆಲಸದೊಂದಿಗೆ ಜೋಡಿಸುವುದೇ ತನಿಖೆಯ ದೊಡ್ಡ ಪಾಲಾಗುತ್ತದೆ. ಗದಗ, ಅಣ್ಣಿಗೇರಿ ಕಡೆಯ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಗಿರಣಿಗಳನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ, ಏಕೆಂದರೆ ಒಂದೇ ಶೆಡ್ಡಿನೊಳಗೆ ಎರಡೂ ಹುಟ್ಟುತ್ತವೆ.

ಜಿನ್ನಿನ ರೋಲರುಗಳ ನಡುವೆ ಸಿಕ್ಕಿಕೊಂಡ ಹತ್ತಿಯನ್ನು ಬಿಡಿಸಹೋದ ಕಾರ್ಮಿಕನ ಬೆರಳುಗಳು ಜಜ್ಜಿಹೋದವೆಂದು ಊಹಿಸಿಕೊಳ್ಳೋಣ. ಚಿಕಿತ್ಸೆ ಮೊದಲು, ಅದರ ಬೆನ್ನಿಗೇ ಯಂತ್ರದ ವಿದ್ಯುತ್ತನ್ನು ಕಡಿದು, ಸ್ಥಳವನ್ನು ಇದ್ದ ಹಾಗೆಯೇ ಕಾಯಬೇಕು. ಸ್ವಿಚ್ಚು ಯಾವ ಸ್ಥಿತಿಯಲ್ಲಿತ್ತು, ರಕ್ಷಣಾ ಕವಚ ಎಲ್ಲಿ ಬಿದ್ದಿತ್ತು, ಅದರ ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತೇ, ಬೆಳಕು ಎಷ್ಟಿತ್ತು ಎಂಬುದನ್ನು ನೆಲ ಗುಡಿಸುವ ಮೊದಲೇ ಬರೆದುಕೊಂಡು ಫೋಟೋ ತೆಗೆಯಬೇಕು. ಕಂಡವರನ್ನು ಒಬ್ಬೊಬ್ಬರನ್ನಾಗಿ, ಅದೇ ದಿನ, ಮಾಲೀಕರಾಗಲಿ ಮೇಸ್ತ್ರಿಯಾಗಲಿ ಹತ್ತಿರದಲ್ಲಿರದಂತೆ ಮಾತನಾಡಿಸುವುದು ಒಳ್ಳೆಯದು. “ನೀವು ಏನು ತಪ್ಪು ಮಾಡಿದಿರಿ?” ಎಂದು ಕೇಳಿದರೆ ಬಾಯಿಗಳು ಮುಚ್ಚಿಕೊಳ್ಳುತ್ತವೆ, “ಹತ್ತಿ ಸಿಕ್ಕಿಕೊಂಡಾಗ ದಿನಾಲೂ ಏನು ಮಾಡುತ್ತೀರಿ?” ಎಂದು ಕೇಳಿದರೆ ಇಡೀ ಗಿರಣಿಯ ರೂಢಿ ತಿಳಿಯುತ್ತದೆ.

ಹೆಚ್ಚಿನ ವರದಿಗಳು ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. “ಕಾರ್ಮಿಕನ ಅಜಾಗರೂಕತೆ” ಎಂದು ಬರೆದು ಮುಗಿಸಿದ ವರದಿಯನ್ನು ನಾನು ತನಿಖೆಯೆಂದು ಒಪ್ಪುವುದಿಲ್ಲ, ಏಕೆಂದರೆ ಅದು ಕಾರಣ ಹುಡುಕುವ ಕೆಲಸವನ್ನು ಆರಂಭದಲ್ಲಿಯೇ ನಿಲ್ಲಿಸುತ್ತದೆ. ಆತ ತಿರುಗುವ ಯಂತ್ರಕ್ಕೆ ಕೈ ಹಾಕಿದ್ದೇಕೆ? ನಿಲ್ಲಿಸಿ ಮತ್ತೆ ಚಾಲೂ ಮಾಡಲು ಹೊತ್ತು ಹಿಡಿಯುತ್ತದೆ, ಕೂಲಿ ಮಾಲಿನ ಲೆಕ್ಕದ ಮೇಲಿದೆ. ಕವಚ ಇರಲಿಲ್ಲವೇಕೆ? ಪ್ರತಿ ಸಲ ಬೋಲ್ಟು ಬಿಚ್ಚಿ ಹಾಕುವುದು ಬೇಸರವೆನಿಸಿ ತೆಗೆದಿಟ್ಟಿದ್ದರು. ಅಷ್ಟು ಸಲ ಬಿಚ್ಚುವ ಪ್ರಸಂಗ ಬಂದಿದ್ದೇಕೆ? ಹಂಗಾಮಿನ ಆರಂಭದಲ್ಲಿ ತೇವ ಆರದ ಹತ್ತಿ ಅಂಡಿಗೆಗಳಲ್ಲಿ (ದೊಡ್ಡ ಚೀಲಗಳಲ್ಲಿ) ಬರುತ್ತದೆ, ತೇವದ ಹತ್ತಿ ರೋಲರಿಗೆ ಸುತ್ತಿಕೊಳ್ಳುತ್ತದೆ. ಹೀಗೆ ಬೆನ್ನು ಹತ್ತಿದರೆ ಬೆರಳಿನ ಗಾಯದ ಒಂದು ಬೇರು ಹತ್ತಿ ಒಣಗಿಸುವ ಅಂಗಳದಲ್ಲಿ, ಇನ್ನೊಂದು ಕೂಲಿಯ ಪದ್ಧತಿಯಲ್ಲಿ ಸಿಗುತ್ತದೆ. ಹೀಗೆ ಕೇಳುವ ವಿಧಾನಕ್ಕೆ “ಐದು ಏಕೆ” ಎಂಬ ಹೆಸರಿದ್ದರೂ ಪ್ರಶ್ನೆಗಳು ಐದೇ ಇರಬೇಕೆಂದೇನಿಲ್ಲ. ಗಿರಣಿಯವರು ಬದಲಿಸಬಲ್ಲ ಸಂಗತಿ ದೊರೆಯುವವರೆಗೆ ಕೇಳಬೇಕು.

ಪರಿಹಾರದ ಕ್ರಮ ಎಲ್ಲರಿಗೂ ಪರಿಚಿತವಾದದ್ದು: ಅಪಾಯವನ್ನೇ ಇಲ್ಲವಾಗಿಸುವುದು, ಬದಲಿ ವಿಧಾನ, ಯಂತ್ರದಲ್ಲಿಯೇ ತಡೆ, ನಿಯಮ ಮತ್ತು ತರಬೇತಿ, ಕೊನೆಗೆ ಮೈಮೇಲಿನ ರಕ್ಷಣೆ. ಇಲ್ಲಿ ಅದರ ಅರ್ಥ, ಒಣಗಿದ ಹತ್ತಿಯನ್ನಷ್ಟೇ ಜಿನ್ನಿಗೆ ಹಾಕುವುದು, ತೆರೆದ ಕೂಡಲೇ ಯಂತ್ರವನ್ನು ನಿಲ್ಲಿಸುವ ಕೀಲುಳ್ಳ ಕವಚವನ್ನು ಕೂಡಿಸುವುದು, ಬಿಡಿಸುವಾಗ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಬಿಡಿಸುವವನ ಕೈಯಲ್ಲಿಯೇ ಇಡುವುದು. ಕೈಗವಸು ಇಲ್ಲಿ ಉಪಕಾರಿಯಲ್ಲ. ತಿರುಗುವ ರೋಲರು ಅದನ್ನೇ ಹಿಡಿದು ಕೈಯನ್ನು ಒಳಗೆ ಎಳೆಯಬಹುದು. ಸಡಿಲ ಅಂಗಿಗೂ ಸೆರಗಿಗೂ ಇದೇ ಅಪಾಯ.

ಈಗ ಅದೇ ಶೆಡ್ಡಿನ ಧೂಳಿಗೆ ಬರೋಣ. ಹತ್ತಿ, ಅಗಸೆ, ಸೆಣಬಿನ ಧೂಳಿನಿಂದ ಬರುವ ಶ್ವಾಸರೋಗಕ್ಕೆ ಬಿಸಿನೋಸಿಸ್ ಎನ್ನುತ್ತಾರೆ. ನೂಲಿನ ಗಿರಣಿಗಳಲ್ಲಿ ಹತ್ತಿ ಬಿಡಿಸಿ ಹಿಂಜುವ ವಿಭಾಗಗಳಲ್ಲಿ ಇದರ ಕಾಟ ಹೆಚ್ಚು. ಜಿನ್ನಿಂಗ್ ಹಂಗಾಮಿನ ಕೆಲಸವಾದ್ದರಿಂದ ಅಲ್ಲಿ ಅದನ್ನು ಗುರುತಿಸುವುದೇ ಕಠಿಣ. ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುವುದು, ವಾರ ಮುಂದುವರಿದಂತೆ ಹಗುರವಾಗುವುದು ಇದರ ಆರಂಭದ ಲಕ್ಷಣ. ಪುಸ್ತಕಗಳಲ್ಲಿ ಆ ದಿನವನ್ನು ಸೋಮವಾರವೆಂದೇ ಬರೆದಿರುತ್ತದೆ. ವಾರದ ರಜೆ ಸಂತೆಯ ದಿನಕ್ಕೆ ಹೊಂದಿಕೊಂಡಿರುವಲ್ಲಿ ಸೋಮವಾರದ ಬಗ್ಗೆ ಕೇಳಿದರೆ ಉತ್ತರ ದಾರಿ ತಪ್ಪಿಸುತ್ತದೆ. ಕೇಳಬೇಕಾದದ್ದು ರಜೆಯ ಮರುದಿನದ ಬಗ್ಗೆ. ಪಾಳಿಗೆ ಮೊದಲು ಮತ್ತು ಪಾಳಿಯ ನಂತರ ಉಸಿರಿನ ಬಲವನ್ನು ಸ್ಪೈರೋಮೀಟರಿನಲ್ಲಿ ಅಳೆದು ಹೋಲಿಸಿದರೆ ಸಂಶಯಕ್ಕೆ ಆಧಾರ ಸಿಗುತ್ತದೆ.

1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಝೀನಿ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ “ನಿನ್ನ ಕಸುಬೇನು?” ಎಂಬುದನ್ನೂ ಸೇರಿಸಬೇಕೆಂದು ಬರೆದನು. ನಮ್ಮಲ್ಲಿ ಆ ಒಂದು ಪ್ರಶ್ನೆ ಸಾಲದು. ಹತ್ತಿಯ ಹಂಗಾಮಿನಲ್ಲಿ ಜಿನ್ನಿಗೂ, ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಗೂ, ಉಳಿದ ತಿಂಗಳುಗಳಲ್ಲಿ ಹೊಲಕ್ಕೋ ಕಲ್ಲಿನ ಕ್ರಷರಿಗೋ ಹೋಗುವವರು “ಕೂಲಿ” ಎಂದಷ್ಟೇ ಹೇಳುತ್ತಾರೆ. ಆದ್ದರಿಂದ ಕಸುಬಿನ ಇತಿಹಾಸವನ್ನು ಹಂಗಾಮುವಾರು, ಜೊತೆಗೆ ಬೀಡಿ ಮತ್ತು ಮನೆಯ ಒಲೆಯ ಹೊಗೆಯನ್ನೂ ಸೇರಿಸಿ ಬರೆಯಬೇಕು. ಕ್ರಷರಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ, ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣಲೂಬಹುದು. ಕಸುಬು ಗೊತ್ತಿಲ್ಲದ ವೈದ್ಯರು ಕ್ಷಯದ ಔಷಧ ಕೊಟ್ಟು ಸುಮ್ಮನಾದರೆ ರೋಗಿ ಮತ್ತೆ ಅದೇ ಧೂಳಿಗೆ ಮರಳುತ್ತಾನೆ.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ತೊಟ್ಟು ಬಿಡಿಸುವ, ಚೀಲ ತುಂಬುವ ವಖಾರಗಳಲ್ಲಿ ಘಾಟು ತಪ್ಪಿದ್ದಲ್ಲ. “ರೂಢಿಯಾಗಿದೆ” ಎಂಬ ಉತ್ತರವನ್ನು ಆರೋಗ್ಯದ ಸಾಕ್ಷ್ಯವಾಗಿ ದಾಖಲಿಸಕೂಡದು; ಕೆಮ್ಮು ತಾಳಲಾರದವರು ಕೆಲಸ ಬಿಟ್ಟುಹೋಗಿ, ತಾಳುವವರು ಮಾತ್ರ ನಮ್ಮ ಮುಂದೆ ಉಳಿದಿರುವ ಸಾಧ್ಯತೆಯೂ ಇದೆ. ಬಿಟ್ಟುಹೋದವರನ್ನೂ ಹುಡುಕಿ ಕೇಳಿದಾಗಲೇ ಇಂಥ ತನಿಖೆ ಪೂರ್ಣ. ಹೊಸ ಸಂಹಿತೆಯಲ್ಲಿ ಕಾರ್ಖಾನೆಯೆನಿಸಲು ವಿದ್ಯುತ್ ಬಳಸುವಲ್ಲಿ 20, ಬಳಸದಲ್ಲಿ 40 ಕಾರ್ಮಿಕರಿರಬೇಕು. ಹಳೆಯ ಕಾಯ್ದೆಯಲ್ಲಿ ಇವು 10 ಮತ್ತು 20 ಆಗಿದ್ದವು. ಸಣ್ಣ ವಖಾರಗಳು ಕಾರ್ಖಾನೆಯ ಲೆಕ್ಕದಿಂದ ಹೊರಗುಳಿಯುವುದರಿಂದ, ಅಲ್ಲಿನ ಕೆಮ್ಮಿನ ದಾಖಲೆ ಸಿಗುವುದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕದಲ್ಲಿ ಸಿಗಬೇಕು, ಅದೂ ಅಲ್ಲಿ ಕಸುಬಿಗೊಂದು ಕಾಲಂ ಇದ್ದು, ಅದನ್ನು ತುಂಬಿಸಿದ್ದರೆ.