ತೆಗೆದ ಚಾಕೊಲೇಟ್ ಸಿಸ್ಟ್ ಮತ್ತೆ ಬಂದದ್ದು ಹೇಗೆ?

"ಹೋದ ವರ್ಷ ಆಪರೇಷನ್ ಮಾಡಿ ತೆಗೆದಿದ್ರಲ್ಲ ಮೇಡಂ, ಮತ್ತೆ ಹೆಂಗೆ ಬಂತು?" ದಾವಣಗೆರೆಯ ನನ್ನ ಕ್ಲಿನಿಕ್ಕಿನಲ್ಲಿ ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿಕೊಂಡ ಚೀಲ) ಇರುವ ಹೆಣ್ಣುಮಕ್ಕಳು ಜಾಸ್ತಿ ಕೇಳುವ ಪ್ರಶ್ನೆ ಇದು. ಜೊತೆಗೆ ಬಂದ ಅತ್ತೆ ಇನ್ನೂ ಮುಂದೆ ಹೋಗಿ, "ಗರ್ಭಚೀಲನೇ ತೆಗೆದುಬಿಡಿ" ಅಂದದ್ದೂ ಉಂಟು. ಸೊಸೆಗೆ ಇನ್ನೂ ಮೂವತ್ತು ದಾಟಿರುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ರಕ್ತನಾಳಗಳಿಂದ ಶುರು ಮಾಡಬೇಕು.

ಗರ್ಭಕೋಶದ ಒಳಪದರ ತಿಂಗಳು ತಿಂಗಳು ಬೆಳೆದು ಉದುರುತ್ತದೆ. ಅದೇ ಮುಟ್ಟು. ಅಂಥದ್ದೇ ಪದರ ಅಂಡಾಶಯದ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ, ಕೆಲವರಿಗೆ ಕರುಳಿನ ಮೇಲೂ ಬೆಳೆದರೆ ಅದು ಎಂಡೊಮೆಟ್ರಿಯೋಸಿಸ್. ಚಾಕೊಲೇಟ್ ಸಿಸ್ಟ್ ಅದರದೇ ಒಂದು ರೂಪ. ಮಕ್ಕಳಾಗುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ 19 ಕೋಟಿ ಮಂದಿ.

ಈ ಪದರ ಗರ್ಭಕೋಶದ ಹೊರಗೆ ಹೋಗುವುದು ಹೇಗೆ? ಮುಟ್ಟಿನ ರಕ್ತದಲ್ಲಿ ಸ್ವಲ್ಪ ಭಾಗ ಗರ್ಭಕೋಶದ ಪಕ್ಕದ ಟ್ಯೂಬಿನ (ಅಂಡನಾಳದ) ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ ಎಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲೇ ಹೇಳಿದ್ದರು. ಎಲ್ಲಾ ಕೇಸುಗಳಿಗೂ ಈ ವಿವರಣೆ ಸಾಲದು, ಆದರೂ ಇವತ್ತಿಗೂ ಮುಖ್ಯವಾದದ್ದು ಇದೇ. ತಮಾಷೆ ಏನೆಂದರೆ, ಹೀಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ನಡೆಯುತ್ತದೆ. ಆದರೆ ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ರಕ್ತದ ಜೊತೆ ಬಿದ್ದ ಪದರದ ಚೂರು ಅಲ್ಲಿ ಬದುಕಬೇಕಲ್ವಾ? ಬದುಕಲು ರಕ್ತ ಬೇಕು.

ಭದ್ರಾ ನಾಲೆಗೆ ರಾತ್ರೋರಾತ್ರಿ ಪಂಪ್‌ಸೆಟ್ ಇಟ್ಟು ನೀರೆತ್ತುವ ಕತೆ ನಮ್ಮ ಕಡೆಯವರಿಗೆ ಹೊಸದಲ್ಲ. ಈ ಚೂರು ಮಾಡುವುದೂ ಅದನ್ನೇ. ಆಮ್ಲಜನಕ ಕಡಿಮೆಯಾದ ಕೂಡಲೇ ಅದರ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಪಕ್ಕದ ರಕ್ತನಾಳಗಳಿಂದ ಹೊಸ ಕವಲು ಒಡೆಯಿರಿ ಎನ್ನುವ ಸಂದೇಶ ಅದು. ಬಿದ್ದ ಚೂರನ್ನು ತಿಂದು ಮುಗಿಸಬೇಕಾದ ರಕ್ಷಣಾ ಕಣಗಳೇ ಈ ಪ್ರೋಟೀನನ್ನು ಇನ್ನಷ್ಟು ಸುರಿಸುತ್ತವೆ. ಈಸ್ಟ್ರೋಜನ್ ಹಾರ್ಮೋನ್ ಇದಕ್ಕೆಲ್ಲ ಕುಮ್ಮಕ್ಕು ಕೊಡುತ್ತದೆ. ಆ ಹಾರ್ಮೋನನ್ನೂ ಚೂರು ತಾನೇ ಒಂದಷ್ಟು ತಯಾರಿಸಿಕೊಳ್ಳುತ್ತದೆ!

ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದಾಗ, ಇದು ಕಣ್ಣಿಗೇ ಕಾಣುತ್ತದೆ. ಬೇರೂರಿದ ಚೂರುಗಳು ಕಲೆಗಳ ಹಾಗೆ ಕಾಣುತ್ತವೆ. ಹೊಸ ಕಲೆಗಳು ಕೆಂಪಗಿರುತ್ತವೆ, ಸುತ್ತ ಎಳೆ ರಕ್ತನಾಳಗಳು ಹರಡಿರುತ್ತವೆ. ಹಳೆಯವು ಕಪ್ಪು, ಇನ್ನೂ ಹಳೆಯವು ಗಾಯದ ಗುರುತಿನ ಹಾಗೆ ಬಿಳಿ. ರಕ್ತನಾಳದ ಜೊತೆಗೇ ಸಣ್ಣ ನರಗಳೂ ಬೆಳೆಯುತ್ತವೆ. ಅದಕ್ಕೇ ಸಣ್ಣ ಕಲೆ ಇದ್ದವರಿಗೂ ಎದ್ದು ನಿಲ್ಲಲಾಗದ ನೋವು ಬರಬಹುದು. ಸ್ಕ್ಯಾನಿಂಗ್ ನಾರ್ಮಲ್ ಬಂದ ಮಾತ್ರಕ್ಕೆ "ನಾಟಕ ಮಾಡ್ತಾಳೆ" ಅನ್ನಬೇಡಿ. ಇಂಥ ಕಲೆಗಳು ಸ್ಕ್ಯಾನಿಂಗಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಆಪರೇಷನ್ನಿನಲ್ಲಿ ನಾವು ಕಂಡದ್ದನ್ನು ತೆಗೆಯುತ್ತೇವೆ. ಕಾಣದ ಚೂರು ಉಳಿಯಬಹುದು. ಮುಟ್ಟು ಮುಂದುವರಿದರೆ ಹೊಸ ಚೂರೂ ಬೀಳಬಹುದು. ಐದು ವರ್ಷದೊಳಗೆ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಇದು ಮರಳಿ ಬರುತ್ತದೆ ಎಂಬ ಅಂದಾಜಿದೆ. ಗರ್ಭಚೀಲ ತೆಗೆದರೂ ಕರುಳಿನ ಮೇಲಿನ ಕಲೆ ಅಲ್ಲೇ ಇರುತ್ತದೆ. ಹಾಗಾಗಿ ಅದು ಮೊದಲ ಉಪಾಯವಂತೂ ಅಲ್ಲ.

ಹಾಗಾದರೆ ರಕ್ತನಾಳ ಬೆಳೆಯದಂತೆ ಔಷಧ ಕೊಟ್ಟರೆ? ಕ್ಯಾನ್ಸರ್ ಗಡ್ಡೆಗೆ ಇದೇ ದಾರಿ ಹಿಡಿಯಬಹುದು ಎಂದು ಅಮೆರಿಕದ ಸರ್ಜನ್ ಜುಡಾ ಫೋಕ್‌ಮನ್ 1971ರಲ್ಲಿ ಬರೆದರು. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಇಂಜೆಕ್ಷನ್‌ಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಂಡೊಮೆಟ್ರಿಯೋಸಿಸ್ ಇರುವ ಇಲಿಗಳಲ್ಲೂ ಇಂಥ ಔಷಧಗಳಿಂದ ಕಲೆಗಳು ಕುಗ್ಗಿವೆ. ಆದರೆ ಎಳೆಯ ನಾಳಗಳು ಒಣಗಿದಷ್ಟು ಸುಲಭವಾಗಿ ಬಲಿತ ನಾಳಗಳು ಒಣಗುವುದಿಲ್ಲ. ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕಾಯಿಲೆ ವರ್ಷಗಟ್ಟಲೆ ಹಳೆಯದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪಂಪ್‌ಸೆಟ್ ನಿಲ್ಲಿಸಲು ನಾಲೆಯನ್ನೇ ಮುಚ್ಚಿದರೆ ಕೊನೇ ಭಾಗದ ಗದ್ದೆಗಳ ಗತಿ? ಅಂಡ ಬಿಡುಗಡೆಯಾಗಲು, ಗರ್ಭ ನಿಲ್ಲಲು, ಮಗು ಬೆಳೆಯಲು ಹೊಸ ರಕ್ತನಾಳ ಬೇಕೇ ಬೇಕು. ಬಿಪಿ ಏರುವುದು, ರಕ್ತ ಹೆಪ್ಪುಗಟ್ಟುವುದು, ಗಾಯ ಮಾಯದಿರುವುದು ಈ ಔಷಧಗಳ ಗೊತ್ತಿರುವ ಅಪಾಯಗಳು. ಜೀವ ಉಳಿಸಲು ಕ್ಯಾನ್ಸರ್ ರೋಗಿ ಇದನ್ನು ಸಹಿಸಬಹುದು. ಮಗು ಬೇಕೆನ್ನುವ ಇಪ್ಪತ್ತೈದರ ಹುಡುಗಿಗೆ ನಾನಂತೂ ಬರೆದುಕೊಡಲಾರೆ.

ಕ್ಯಾಬರ್ಗೊಲಿನ್ ಮಾತ್ರೆಯ ಮೇಲೆ ನನಗೆ ಸ್ವಲ್ಪ ಆಸೆಯಿದೆ. ಎದೆಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಇಳಿಸಲು ಕೊಡುವ ಹಳೆಯ ಮಾತ್ರೆ ಅದು. ಐವಿಎಫ್‌ನಲ್ಲಿ ಅಂಡಾಶಯ ಅತಿಯಾಗಿ ಊದಿಕೊಳ್ಳದಿರಲೂ ಬಳಸುತ್ತೇವೆ, ಏಕೆಂದರೆ ವಿಇಜಿಎಫ್ ಸಂದೇಶವನ್ನು ಅದು ತಗ್ಗಿಸುತ್ತದೆ. ಎಂಡೊಮೆಟ್ರಿಯೋಸಿಸ್‌ಗೆ ಇನ್ನೂ ಸಣ್ಣ ಅಧ್ಯಯನಗಳಷ್ಟೇ ಆಗಿವೆ. ಈಗಲೇ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಅರಿಶಿನದ ಬಗ್ಗೆಯೂ ಕೇಳುತ್ತಾರೆ. ಅದರ ಕರ್ಕ್ಯುಮಿನ್ ಲ್ಯಾಬಿನಲ್ಲಿ ನಾಳಗಳ ಬೆಳವಣಿಗೆ ತಡೆಯುವುದು ನಿಜ, ಆದರೆ ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅರಿಶಿನದ ಹಾಲು ಕುಡಿಯಿರಿ, ಬೇಡ ಅನ್ನಲ್ಲ. ನಾವು ಬರೆದುಕೊಟ್ಟ ಮಾತ್ರೆಯ ಬದಲಿಗೆ ಬೇಡ, ಅಷ್ಟೇ.

ಯಾವ ಮಾತ್ರೆ? ಹೆಚ್ಚಾಗಿ ಡೈನೊಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ. ಇದು ಈಸ್ಟ್ರೋಜನ್ ತಗ್ಗಿಸುತ್ತದೆ. ಕಲೆಗಳಲ್ಲಿ ರಕ್ತನಾಳ ಬೆಳೆಯುವುದನ್ನೂ ಕಡಿಮೆ ಮಾಡುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಅಂದರೆ ಹೊಸ ಔಷಧದಿಂದ ಬಯಸುವ ಕೆಲಸದ ಒಂದು ಪಾಲು ಈಗಿನ ಮಾತ್ರೆಯಲ್ಲೇ ಇದೆ. ಆದರೆ ಮೊದಲ ಕೆಲವು ತಿಂಗಳು ಆಗಾಗ ಸ್ಪಾಟಿಂಗ್ (ಮುಟ್ಟಿಲ್ಲದಾಗಲೂ ಸ್ವಲ್ಪ ರಕ್ತ ಕಾಣುವುದು) ಆಗುತ್ತದೆ. ಹೆದರಿ ಸುಮ್ನೆ ನಿಲ್ಲಿಸಿಬಿಡುತ್ತಾರೆ, ನೋವು ವಾಪಸ್ ಬಂದಾಗ ಮಾತ್ರೆ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ನಿಲ್ಲಿಸುವ ಮುಂಚೆ ಒಂದು ಫೋನ್ ಮಾಡಿ. ಇದನ್ನು ಗರ್ಭನಿರೋಧಕ ಎಂದು ನಂಬಿಕೊಳ್ಳಬೇಡಿ, ಕಾಂಡೋಮ್ ಬಳಸಿ. ಮಗು ಈಗಲೇ ಬೇಕೆನ್ನುವವರಿಗೆ ಇದು ದಾರಿಯಲ್ಲ, ಅವರ ಚಿಕಿತ್ಸೆ ಬೇರೆ. ಮೊದಲೇ ಆಪರೇಷನ್ ಆದವರು ಜಗಳೂರಿನಿಂದ ಬಂದರೂ ಸರಿ, ಹೊಳಲ್ಕೆರೆಯಿಂದ ಬಂದರೂ ಸರಿ, ಡಿಸ್ಚಾರ್ಜ್ ಕಾರ್ಡ್ ತನ್ನಿ. ಎಲ್ಲೆಲ್ಲಿ ಕಲೆ ಇತ್ತು, ಏನು ತೆಗೆದರು, ಏನು ಬಿಟ್ಟರು ಎನ್ನುವುದು ಅದರಲ್ಲೇ ಇರುತ್ತದೆ.