ಬೇರ್‌ಫೂಟ್ ಶೂ: ಒಂದು ಸೈಜ್ ದೊಡ್ಡದು ತಗೋಬೇಕಾ?

ಪ್ರಶ್ನೆ: ನಾನು ಮಾಮೂಲಿ ಶೂ 9ನೇ ನಂಬರ್ ಹಾಕುತ್ತೇನೆ. ಈಗ ಬೇರ್‌ಫೂಟ್ ಶೂ, ಅಂದರೆ ಬರಿಗಾಲಲ್ಲಿ ನಡೆದ ಹಾಗಿರುವ ತೆಳು ಅಟ್ಟೆಯ ಶೂ, ತರಿಸಬೇಕು ಅಂತಿದ್ದೇನೆ. ಬೆರಳಿಗೆ ಜಾಗ ಬೇಕಲ್ವಾ, ಒಂದು ಸೈಜ್ ದೊಡ್ಡದೇ ತಗೋ ಅಂತ ಗೆಳೆಯರು ಹೇಳುತ್ತಾರೆ. ಅದು ಸರಿಯಾ?

ಸರಿಯಲ್ಲ. ಮೊದಲು ಪಾದ ಅಳೆಯಿರಿ, ನಂಬರ್ ಆಮೇಲೆ. ಅಳೆದು ನೋಡಿದರೆ 9ರ ಬದಲು 8 ಸಾಕು ಅಂತ ಬಂದರೂ ಆಶ್ಚರ್ಯವಿಲ್ಲ.

ನಮ್ಮಲ್ಲಿ ತುಂಬಾ ಜನರ ಪಾದ ಮುಂಭಾಗದಲ್ಲಿ ಅಗಲ. ಮಾಮೂಲಿ ಶೂ ಮುಂದಕ್ಕೆ ಹೋದ ಹಾಗೆ ಕಿರಿದಾಗುತ್ತದೆ. ಕಿರುಬೆರಳು ಒತ್ತುತ್ತದೆ ಅಂದರೆ ಅಂಗಡಿಯವರು ಒಂದು ನಂಬರ್ ದೊಡ್ಡದು ಕೊಡುತ್ತಾರೆ. ಬೇಕಾಗಿದ್ದದ್ದು ಅಗಲ, ಸಿಕ್ಕಿದ್ದು ಉದ್ದ. ವರ್ಷಗಟ್ಟಲೆ ಹೀಗೆ ಹಾಕಿಕೊಂಡು ಅದೇ ನಮ್ಮ ಸೈಜ್ ಅಂದುಕೊಂಡುಬಿಡುತ್ತೇವೆ. ಬೇರ್‌ಫೂಟ್ ಶೂ ಮುಂದೆ ಅಗಲವಾಗಿಯೇ ಇರುತ್ತದೆ, ಪಾದದ ಆಕಾರದಲ್ಲೇ. ಅದರಲ್ಲಿ ಆ ಹೆಚ್ಚುವರಿ ಉದ್ದ ಬರೀ ತೊಂದರೆ.

ನನಗೂ ಹಾಗೇ ಆಯಿತು. ಮೊದಲ ಜೋಡಿ ಒಂದು ನಂಬರ್ ದೊಡ್ಡದು ತರಿಸಿದೆ. ತೆಳು ಅಟ್ಟೆ ಬೆರಳ ಬುಡದಲ್ಲಿ ಮಡಚಬೇಕು, ಅದು ಬೆರಳ ಮುಂದೆ ಮಡಚುತ್ತಿತ್ತು. ಮೆಟ್ಟಿಲು ಹತ್ತುವಾಗ ತುದಿ ತಗುಲಿ ಎರಡು ಸಲ ಮುಗ್ಗರಿಸಿದೆ. ಹೊರಗೆ ಹಾಕಿದ್ದರಿಂದ ವಾಪಸ್ ಮಾಡಲೂ ಆಗಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಳೆಯುವುದು ಸಂಜೆ ಹೊತ್ತು. ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಗೋಡೆಗೆ ತಾಗಿಸಿ ನೆಲದ ಮೇಲೆ ಹಾಳೆ ಇಡಿ. ಹಿಮ್ಮಡಿ ಗೋಡೆಗೆ ಮುಟ್ಟುವಂತೆ ನಿಂತುಕೊಳ್ಳಿ. ಕೂತು ಅಳೆಯಬೇಡಿ, ಮೈಭಾರ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಹರಡಿಕೊಳ್ಳುತ್ತದೆ. ಬಗ್ಗಿ ನೀವೇ ಗುರುತು ಹಾಕಿದರೆ ಭಾರ ಆಚೀಚೆ ಆಗುತ್ತದೆ, ಮನೆಯವರ ಕೈಲಿ ಹಾಕಿಸಿ. ಪೆನ್ಸಿಲ್ ನೆಟ್ಟಗೆ ಹಿಡಿಯಲಿ. ಎಲ್ಲಕ್ಕಿಂತ ಉದ್ದದ ಬೆರಳಿಗೆ ಗುರುತು. ಕೆಲವರಿಗೆ ಅದು ಹೆಬ್ಬೆರಳಲ್ಲ, ಪಕ್ಕದ್ದು. ಎರಡೂ ಪಾದ ಅಳೆದು ದೊಡ್ಡದನ್ನೇ ಹಿಡಿಯಿರಿ. ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡಕ್ಕೆ ಎಷ್ಟು ಅಗಲ ಅಂತಲೂ ಬರೆದುಕೊಳ್ಳಿ.

ಈ ಉದ್ದಕ್ಕೆ 8ರಿಂದ 12 ಮಿಲಿಮೀಟರ್ ಸೇರಿಸಿ. ಪಾದ 25.8 ಸೆಂಟಿಮೀಟರ್ ಇದ್ದರೆ ಶೂ ಒಳಗಿನ ಉದ್ದ ಸುಮಾರು 26.8 ಬೇಕು. ಓಡುವವರು, ದಪ್ಪ ಸಾಕ್ಸ್ ಹಾಕುವವರು 12ರ ಕಡೆ ಹೋಗಿ.

ಎಡವುವುದು ಜಾಸ್ತಿ ಇಲ್ಲೇ. ಕೆಲವು ಕಂಪನಿಗಳ ಸೈಜ್ ಪಟ್ಟಿಯಲ್ಲಿ ಇರುವುದು ಶೂ ಒಳಗಿನ ಉದ್ದ. ಇನ್ನು ಕೆಲವರದು ಪಾದದ ಉದ್ದ, ಅಂದರೆ ಬೆರಳ ಮುಂದಿನ ಜಾಗವನ್ನು ಅವರೇ ಲೆಕ್ಕ ಹಾಕಿಟ್ಟಿರುತ್ತಾರೆ. ಅಲ್ಲಿ ನೀವು ಮತ್ತೆ 10 ಮಿಲಿಮೀಟರ್ ಸೇರಿಸಿದರೆ ಒಂದು ಸೈಜಿಗಿಂತ ಜಾಸ್ತಿ ಹೋಯಿತು. ಪಟ್ಟಿಯ ಮೇಲೆ ಏನು ಬರೆದಿದೆ ಅಂತ ಓದಿ. ಗೊತ್ತಾಗದಿದ್ದರೆ ಕಂಪನಿಗೇ ಬರೆದು ಕೇಳಿ. ಒಂದು ಕಡೆಯ ನಂಬರನ್ನು ಇನ್ನೊಂದು ಕಡೆಯ ನಂಬರಿಗೆ ಬದಲಾಯಿಸುವ ಪಟ್ಟಿಗಳನ್ನೂ ಪೂರ್ತಿ ನಂಬಬೇಡಿ. ನಮ್ಮಲ್ಲಿ ನಡೆಯುವ ಬ್ರಿಟಿಷ್ ನಂಬರಿನಲ್ಲಿ ಒಂದು ಹೆಜ್ಜೆ ಅಂದರೆ ಸುಮಾರು 8.5 ಮಿಲಿಮೀಟರ್. ಯುರೋಪಿನ ನಂಬರಿನಲ್ಲಿ ಸುಮಾರು 6.7. ಇವೆರಡೂ ಸರಿಯಾಗಿ ಒಂದಕ್ಕೊಂದು ಕೂರುವುದೇ ಇಲ್ಲ.

ವೈಬ್ರಾಂ ಫೈವ್‌ಫಿಂಗರ್ಸ್ ಥರದ, ಒಂದೊಂದು ಬೆರಳಿಗೂ ಒಂದೊಂದು ಚೀಲ ಇರುವ ಶೂಗೆ ಈ ಲೆಕ್ಕ ಹಿಡಿಯಬೇಡಿ. ಅದು ಕೈಗವಸಿನ ಹಾಗೆ ಕೂರಬೇಕು.

ಬೆರಳ ಜಾಗದ ಬಗ್ಗೆ ಇಷ್ಟು ಹೇಳುವಾಗ ಮಣಿಪಾಲದ ಒಂದು ಕೆಲಸ ನೆನಪಾಗುತ್ತದೆ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು 2300 ಮಕ್ಕಳ ಪಾದದ ಅಚ್ಚು ನೋಡಿ 1992ರಲ್ಲಿ ಪ್ರಕಟಿಸಿದ್ದು. ಚಪ್ಪಟೆ ಪಾದ ಶೂ, ಚಪ್ಪಲಿ ಹಾಕುವ ಮಕ್ಕಳಲ್ಲಿ 8.6%, ಬರಿಗಾಲಿನ ಮಕ್ಕಳಲ್ಲಿ 2.8%. ಅದರಲ್ಲೂ ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಹೆಚ್ಚು. ದೊಡ್ಡವರು ಶೂ ಬದಲಿಸಿದರೆ ಪಾದ ಸರಿಹೋಗುತ್ತದೆ ಅಂತ ಇದರಿಂದ ಹೇಳಲು ಆಗುವುದಿಲ್ಲ. ಮಕ್ಕಳಿಗೆ ಶೂ ತೆಗೆಯುವಾಗ ಮಾತ್ರ ಇದನ್ನು ಮರೆಯಬೇಡಿ.

ಶೂ ಬಂದ ಮೇಲೆ ಒಳಗಿನ ಇನ್‌ಸೋಲ್ ಬಿಚ್ಚುವಂತಿದ್ದರೆ ತೆಗೆದು ಅದರ ಮೇಲೆ ನಿಲ್ಲಿ. ಯಾವ ಬೆರಳೂ ಅಂಚು ದಾಟಬಾರದು. ಕಿರುಬೆರಳು ಹೊರಗೆ ಹೋದರೆ ಉದ್ದ ಹೆಚ್ಚಿಸಬೇಡಿ, ಇನ್ನೂ ಅಗಲದ ಮಾದರಿ ಹುಡುಕಿ. ಆಮೇಲೆ ಹಾಕಿಕೊಂಡು ಮನೆಯೊಳಗೇ ನಡೆಯಿರಿ, ಮೆಟ್ಟಿಲು ಇಳಿಯಿರಿ. ಹಿಮ್ಮಡಿ ಜಾರಬಾರದು, ಇಳಿಯುವಾಗ ಬೆರಳು ಮುಂದೆ ತಾಗಬಾರದು. ಸೈಜ್ ಸರಿಹೋದರೂ ಮೊದಲ ವಾರ ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಮೀನಖಂಡಕ್ಕೆ ಇದು ಹೊಸ ಕೆಲಸ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ತೆಳು ಅಟ್ಟೆಯ ಶೂ ತರಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಕಲ್ಲು ಚುಚ್ಚಿದ್ದು ಅವರಿಗೆ ಗೊತ್ತೇ ಆಗದೆ ಇರಬಹುದು.