ಮನೆಯಲ್ಲೇ ಹಾರರ್ ಕಿರುಚಿತ್ರ: ಕತ್ತಲಿಗೂ ಲೈಟ್ ಬೇಕು

ಮೊದಲ ಸಲ ಶೂಟ್ ಮಾಡಿದಾಗ ನಾವು ಮನೆಯ ಲೈಟೆಲ್ಲ ಆರಿಸಿಬಿಟ್ಟಿದ್ದೆವು. ಹಾರರ್ ಅಂದ ಮೇಲೆ ಕತ್ತಲು ಬೇಕು, ಅಲ್ವಾ? ನಿಂತಿದ್ದ ನಮಗೇ ಭಯ ಆಗುವಷ್ಟು ಕತ್ತಲಿತ್ತು. ಆದರೆ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಕಪ್ಪು ಅನ್ನುವುದೇ ಇರಲಿಲ್ಲ. ಎಲ್ಲ ಬೂದು ಬೂದು, ಮೇಲೆ ಚುಕ್ಕೆಗಳ ರಾಶಿ. ಬೆಳಕು ಸಾಲದಾದಾಗ ಕ್ಯಾಮೆರಾ ತಾನಾಗಿ ಐಎಸ್‌ಒ, ಅಂದರೆ ಬೆಳಕಿಗೆ ತನ್ನ ಸೂಕ್ಷ್ಮತೆಯನ್ನು, ಏರಿಸುತ್ತದೆ, ಏರಿಸಿದಷ್ಟೂ ಈ ಚುಕ್ಕೆಗಳು, ಅಂದರೆ ನಾಯ್ಸ್, ಎದ್ದು ಕಾಣುತ್ತವೆ. ಒಂದು ರಾತ್ರಿಯ ಕೆಲಸ ಪೂರ್ತಿ ಹೋಯಿತು.

ಅಲ್ಲಿಂದ ಕಲಿತದ್ದು ಇದು. ಪರದೆಯ ಮೇಲೆ ಕತ್ತಲು ಕಾಣಬೇಕಾದರೆ ಪಕ್ಕದಲ್ಲಿ ಬೆಳಕಿರಬೇಕು. ಒಂದೇ ಒಂದು ಟೇಬಲ್ ಲ್ಯಾಂಪ್ ಸಾಕು. ಅದನ್ನು ಪಕ್ಕದ ಕೋಣೆಯಲ್ಲಿಟ್ಟು ಬಾಗಿಲನ್ನು ಸ್ವಲ್ಪ ತೆರೆದಿಡಿ. ನೆಲದ ಮೇಲೆ ಒಂದು ಬೆಳಕಿನ ಪಟ್ಟಿ ಬೀಳುತ್ತದೆ, ನಟಿಯ ಮುಖದ ಒಂದು ಬದಿ ಮಾತ್ರ ಕಾಣುತ್ತದೆ, ಉಳಿದ ಕೋಣೆ ತಾನಾಗಿ ಕಪ್ಪಾಗುತ್ತದೆ. ಫೋನಿನಲ್ಲಿ ಶೂಟ್ ಮಾಡುವವರು ಆ ಬೆಳಕಿನ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳಗಿರಬೇಕು ಅನ್ನುವ ಸೆಟ್ಟಿಂಗ್) ಲಾಕ್ ಮಾಡಲೇಬೇಕು, ಇಲ್ಲದಿದ್ದರೆ ನಟಿ ಒಂದು ಹೆಜ್ಜೆ ಇಟ್ಟ ಕೂಡಲೇ ಇಡೀ ಫ್ರೇಮ್ ಬೆಳಗಿ ಮತ್ತೆ ಮಂಕಾಗುತ್ತದೆ.

ರಾತ್ರಿಯ ದೃಶ್ಯವನ್ನು ರಾತ್ರಿಯೇ ತೆಗೆಯಬೇಕು ಅಂತಿಲ್ಲ. ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಆಕಾಶದಲ್ಲಿ ನೀಲಿ ಬೆಳಕು ಉಳಿದಿರುತ್ತದೆ. ಆಗ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕು ಬಿಳಿಯಾಗಿ ಕಾಣಬೇಕು ಅನ್ನುವ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಟ್ಟರೆ ಕಿಟಕಿ ಕಡುನೀಲಿಯಾಗಿ ಕಾಣುತ್ತದೆ, ಒಳಗಿನ ಹಳದಿ ಬಲ್ಬ್ ಸಹಜವಾಗಿರುತ್ತದೆ. ಬಲ್ಬಿನ ಬೆಳಕು ಪಟಪಟ ಮಿನುಗಿದಂತೆ ರೆಕಾರ್ಡ್ ಆದರೆ ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೂ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಬದಲಿಸಿ. ಕರೆಂಟ್ 50 ಹರ್ಟ್ಸ್ ಇರುವ ಕಡೆ 1/50 ಸೆಕೆಂಡ್, 60 ಹರ್ಟ್ಸ್ ಇರುವ ಕಡೆ 1/60 ಸೆಕೆಂಡ್.

ಇನ್ನು ಕಥೆ. ಕಥೆ ಬರೆದು ಆಮೇಲೆ ಮನೆ ನೋಡಬೇಡಿ, ಮನೆ ನೋಡಿಕೊಂಡು ಕಥೆ ಬರೆಯಿರಿ. ಯಾವ ಬಾಗಿಲು ಕಿರ್ ಅನ್ನುತ್ತದೆ, ಎಲ್ಲಿ ಕೂತರೆ ಬೆನ್ನ ಹಿಂದೆ ಉದ್ದಕ್ಕೆ ಖಾಲಿ ಜಾಗ ಕಾಣುತ್ತದೆ, ಕನ್ನಡಿ ಎಲ್ಲಿದೆ ಅಂತ ಸುಮ್ನೆ ಒಂದು ಸುತ್ತು ಹಾಕಿ. ಸ್ಕ್ರಿಪ್ಟಿನ ಒಂದು ಪುಟ ಸುಮಾರು ಒಂದು ನಿಮಿಷದ ಸಿನಿಮಾ ಅನ್ನುವುದು ಲೆಕ್ಕ. ಮೂರ್ನಾಲ್ಕು ಪುಟ, ಒಂದಿಬ್ಬರು ನಟರು ಇದ್ದರೆ ಮೊದಲ ಚಿತ್ರಕ್ಕೆ ಧಾರಾಳ ಆಯಿತು.

ನಾವು ತೆಗೆದ ಒಂದು ದೃಶ್ಯವನ್ನೇ ಹೇಳುತ್ತೇನೆ. ಹುಡುಗಿ ಓದುತ್ತಾ ಕೂತಿದ್ದಾಳೆ, ಹಿಂದೆ ಬಾಗಿಲು ಮುಚ್ಚಿದೆ. ಇದು ಮೊದಲ ಶಾಟ್. ಎರಡನೆಯದು ಮುಖದ ಕ್ಲೋಸಪ್, ಚಿಲಕದ ಸಣ್ಣ ಶಬ್ದ, ಅವಳ ಕಣ್ಣು ಓದುವುದನ್ನು ನಿಲ್ಲಿಸುತ್ತದೆ. ಮೂರನೆಯದು ಮತ್ತೆ ಮೊದಲ ಫ್ರೇಮ್, ಆದರೆ ಈಗ ಬಾಗಿಲು ನಾಲ್ಕು ಬೆರಳಷ್ಟು ತೆರೆದಿದೆ. ಅಷ್ಟೇ. ದೆವ್ವ ಇಲ್ಲ, ಮ್ಯೂಸಿಕ್ ಇಲ್ಲ. ನನ್ನ ಪ್ರಕಾರ ಮೇಕಪ್ ಹಾಕಿದ ಯಾವ ದೆವ್ವಕ್ಕಿಂತಲೂ ಇದು ಜಾಸ್ತಿ ಕೆಲಸ ಮಾಡುತ್ತದೆ, ಯಾಕೆಂದರೆ ಬಾಗಿಲ ಹಿಂದೆ ಯಾರಿದ್ದಾರೆ ಅನ್ನುವುದನ್ನು ನೋಡುವವರೇ ಊಹಿಸಿಕೊಳ್ಳುತ್ತಾರೆ. ಆದರೆ ಮೊದಲ ಮತ್ತು ಮೂರನೇ ಶಾಟಿನ ನಡುವೆ ಕ್ಯಾಮೆರಾ ಒಂದಿಷ್ಟೂ ಕದಲಬಾರದು, ಕದಲಿದರೆ ಬದಲಾಗಿದ್ದು ಬಾಗಿಲು ಮಾತ್ರ ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ಈ ಎರಡನ್ನೂ ಒಟ್ಟಿಗೆ ತೆಗೆದುಬಿಡಿ, ಕ್ಲೋಸಪ್ ಆಮೇಲೆ. ಟ್ರೈಪಾಡಿನ ಕಾಲು, ಕುರ್ಚಿಯ ಕಾಲು ಎರಡಕ್ಕೂ ನೆಲದ ಮೇಲೆ ಟೇಪ್ ಅಂಟಿಸಿ.

ನಟರಿಗೆ "ಭಯಪಡು" ಅಂತ ಹೇಳಬೇಡಿ, ಕಣ್ಣರಳಿಸಿ ಬಾಯಿ ತೆರೆದು ನಿಲ್ಲುತ್ತಾರೆ. "ಶಬ್ದ ಯಾವ ಕಡೆಯಿಂದ ಬಂತು ಅಂತ ಗೊತ್ತಾಗಬೇಕು, ಅದಕ್ಕೆ ಉಸಿರು ಹಿಡಿದು ಕೇಳು" ಅನ್ನಿ. ಮಾಡಲು ಒಂದು ಕೆಲಸ ಸಿಕ್ಕರೆ ಮುಖ ತಾನಾಗಿ ಸರಿಹೋಗುತ್ತದೆ.

ಅಪಾಯದ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನಿಜವಾದ ಚಾಕು ಬೇಡ, ಪರದೆ ಬಟ್ಟೆಯ ಹತ್ತಿರ ಮೇಣದಬತ್ತಿ ಬೇಡ. ಕಿರುಚುವ ದೃಶ್ಯ ಇದ್ದರೆ ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ರಕ್ತಕ್ಕೆ ಬಣ್ಣ ಕಲಸಿದರೆ ಗೋಡೆಯ ಮೂಲೆಯಲ್ಲಿ ಒಂದು ತೊಟ್ಟು ಹಚ್ಚಿ, ಒರೆಸಿದರೆ ಹೋಗುತ್ತದಾ ನೋಡಿಕೊಳ್ಳಿ.

ಶಬ್ದಕ್ಕೆ ಚಿತ್ರದಷ್ಟೇ ಸಮಯ ಕೊಡಿ. ಫ್ರಿಜ್, ಫ್ಯಾನ್ ಎರಡೂ ಆಫ್ ಇರಲಿ. ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟರೆ ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಪ್ರತಿ ಕೋಣೆಯಲ್ಲೂ ಎಲ್ಲರೂ ಅಲ್ಲಾಡದೆ ನಿಂತು 30 ಸೆಕೆಂಡ್ ರೂಮ್ ಟೋನ್, ಅಂದರೆ ಖಾಲಿ ಕೋಣೆಯ ಸಹಜ ಸದ್ದು, ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ತೂತುಗಳನ್ನು ಮುಚ್ಚುವುದು ಇದೇ. ಇದರಲ್ಲೇ ಇನ್ನೊಂದು ಉಪಯೋಗವೂ ಇದೆ. ಚಿಲಕದ ಶಬ್ದಕ್ಕೆ ಒಂದು ಸೆಕೆಂಡ್ ಮೊದಲು ಆ ರೂಮ್ ಟೋನನ್ನು ಮೆಲ್ಲಗೆ ಇಳಿಸಿ ನೋಡಿ. ಏನು ಬದಲಾಯಿತು ಅಂತ ನೋಡುವವರಿಗೆ ತಿಳಿಯುವುದಿಲ್ಲ, ಕಿವಿ ಮಾತ್ರ ನಿಮಿರುತ್ತದೆ. ಚಿಲಕ, ಹೆಜ್ಜೆ, ಬಟ್ಟೆಯ ಸರಸರ ಎಲ್ಲವನ್ನೂ ಆಮೇಲೆ ಮೈಕಿನ ಹತ್ತಿರ ಬೇರೆಯಾಗಿಯೇ ರೆಕಾರ್ಡ್ ಮಾಡಿ.

ಎಡಿಟ್ ಆದ ಮೇಲೆ, ಕಥೆ ಗೊತ್ತಿಲ್ಲದ ಗೆಳೆಯರೊಬ್ಬರನ್ನು ಕೂರಿಸಿ, ಸ್ಕ್ರೀನ್ ಮುಚ್ಚಿ ಬರೀ ಶಬ್ದ ಕೇಳಿಸಿ. ಚಿಲಕದ ಶಬ್ದ ಬಂದಾಗ ಅವರು ತಲೆ ಎತ್ತದಿದ್ದರೆ ಮತ್ತೆ ಎಡಿಟಿಂಗ್ ಟೈಮ್‌ಲೈನ್ ತೆರೆಯಿರಿ.